ನೆಲ ನೋಡಲು ಕುದುರೆಗೆ ಪುರುಸೊತ್ತು ಕೊಡಿ

ಪ್ರಶ್ನೋತ್ತರ: ಹಗರೆ ಸುತ್ತಿನ ಹಾದಿಗಳಲ್ಲಿ ಕುದುರೆ ಸವಾರಿ

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಹಳೇಬೀಡಿನ ದಾರಿ ಕವಲೊಡೆಯುವುದು ಹಗರೆಯಲ್ಲಿ. ಇಲ್ಲಿಂದ ಪಡುವಣಕ್ಕೆ ಹೋದಷ್ಟೂ ಕಾಫಿ ತೋಟ, ಇಳಿಜಾರು, ಜಾರುವ ಕೆಸರು. ಮೂಡಣಕ್ಕೆ ಅರಸೀಕೆರೆಯ ಕಡೆ ಸರಿದಷ್ಟೂ ತೆಂಗು, ರಾಗಿ ಹೊಲ, ಕಲ್ಲುನೆಲ, ಬಿಸಿಲು. ಒಂದೇ ದಿನದ ಸವಾರಿಯಲ್ಲಿ ಇಷ್ಟು ಬಗೆಯ ನೆಲ ಕುದುರೆಯ ಗೊರಸಿಗೆ ಸಿಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಕುದುರೆ ನಿಂತುಬಿಟ್ಟರೆ, ಜಾರಿದರೆ, ಹೂತುಕೊಂಡರೆ, ದಣಿದರೆ ಏನು ಮಾಡಬೇಕೆಂದು. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ರೇಸಿನಿಂದ ನಿವೃತ್ತವಾದ ಆರು ವರ್ಷದ ಕುದುರೆಯೊಂದನ್ನು ತಂದಿದ್ದೇನೆ. ಬಯಲಿನಲ್ಲಿ ಚೆನ್ನಾಗಿ ಹೋಗುತ್ತದೆ. ಆದರೆ ನಮ್ಮ ಹೊಲದ ದಾರಿಯಲ್ಲಿ ಒಂದು ಮೋರಿ, ಅದರ ಪಕ್ಕ ಸದಾ ನೀರು ಹರಿಯುವ ಸಣ್ಣ ಹಳ್ಳ ಇದೆ. ಅಲ್ಲಿ ನಿಂತರೆ ಮುಂದೆ ಹೆಜ್ಜೆ ಇಡುವುದಿಲ್ಲ. ಎರಡು ಏಟು ಕೊಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ. ಕೊಡಲೇ?
— ಓದುಗರು, ಹಗರೆ

ಬೇಡ. ಏಟು ಬಿದ್ದ ಜಾಗವನ್ನು ಕುದುರೆ ಮರೆಯುವುದಿಲ್ಲ. ನಾಳೆ ಅದಕ್ಕೆ ಹಳ್ಳದ ಭಯದ ಜೊತೆಗೆ ಏಟಿನ ಭಯವೂ ಸೇರಿರುತ್ತದೆ.

ಮೊದಲು ಅದರ ಕಣ್ಣನ್ನು ಅರ್ಥಮಾಡಿಕೊಳ್ಳಿ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಸುಮಾರು 350 ಡಿಗ್ರಿ ನೋಟ ಅದಕ್ಕಿದೆ. ಆದರೆ ಹಣೆಯ ನೇರ ಮುಂದಿನ, ಮೂಗಿನ ಕೆಳಗಿನ ಸ್ವಲ್ಪ ಜಾಗ ಕಾಣುವುದಿಲ್ಲ. ಬಾಲದ ನೇರ ಹಿಂದಿನದೂ ಕಾಣುವುದಿಲ್ಲ. ದೂರದ್ದನ್ನು ನೋಡಲು ಅದು ತಲೆ ಎತ್ತಬೇಕು, ಹತ್ತಿರದ ನೆಲ ನೋಡಲು ತಲೆ ಬಗ್ಗಿಸಬೇಕು. ಬಿಸಿಲಿನಿಂದ ನೆರಳಿಗೆ ಬಂದಾಗ ಅದರ ಕಣ್ಣು ಹೊಂದಿಕೊಳ್ಳಲು ನಮಗಿಂತ ಹೆಚ್ಚು ಹೊತ್ತು ಬೇಕು. ಮೋರಿಯ ಹತ್ತಿರ ನೀವು ಲಗಾಮು ಬಿಗಿಹಿಡಿದರೆ ಅದು ತಲೆ ಬಗ್ಗಿಸಲಾರದು. ಆಗ ಹೊಳೆಯುವ ನೀರಿನ ಆಳ ಅದಕ್ಕೆ ತಿಳಿಯದು. ಆಳ ತಿಳಿಯದ ಕಡೆ ಕಾಲಿಡದಿರುವುದು ಅದರ ವಿವೇಕ.

ಅದರಲ್ಲೂ ರೇಸಿನ ಕುದುರೆ ಬೆಳೆದಿದ್ದು ಹಸನು ಮಾಡಿದ ಟ್ರ್ಯಾಕಿನ ಮೇಲೆ, ಇತರ ಕುದುರೆಗಳ ಜೊತೆ. ಹಳ್ಳ, ಮೋರಿ, ಹಾರುವ ಪ್ಲಾಸ್ಟಿಕ್ ಹಾಳೆ, ಬೊಗಳುವ ನಾಯಿ, ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಎಲ್ಲವೂ ಅದಕ್ಕೆ ಹೊಸದು. ಕೆಲವು ತಿಂಗಳು ಅದನ್ನು ಹೊಸದಾಗಿ ಶಾಲೆಗೆ ಸೇರಿದ ಮಗುವೆಂದು ತಿಳಿದು ನಡೆಸಿ.

ಹೀಗೆ ಮಾಡಿ. ಹಳ್ಳ ಅಗಲವಾಗಿ, ತಳ ಗಟ್ಟಿಯಾಗಿ, ನೀರು ಗೊರಸು ಮುಳುಗುವಷ್ಟೇ ಇರುವ ಜಾಗ ಆರಿಸಿ. ನೀರಿಗೆ ಅಂಜದ ಹಳೆಯ ಕುದುರೆಯೊಂದು ಮುಂದೆ ದಾಟಲಿ, ನಿಮ್ಮದು ಹಿಂದೆ ಬರಲಿ. ಅಂಥ ಜೊತೆ ಸಿಗದಿದ್ದರೆ ಕೆಳಗಿಳಿದು ಉದ್ದನೆಯ ಹಗ್ಗದಲ್ಲಿ ನಡೆಸಿ. ಅದರ ಮುಂದೆ ಮಾತ್ರ ನಿಲ್ಲಬೇಡಿ, ಭುಜದ ಪಕ್ಕಕ್ಕೆ ನಿಲ್ಲಿ. ಅಂಜಿದ ಕುದುರೆ ಹಳ್ಳವನ್ನು ಜಿಗಿದೇ ದಾಟುತ್ತದೆ, ಎದುರಿದ್ದವರ ಮೇಲೆ ಬೀಳುತ್ತದೆ. ಮೂಸಿ ನೋಡಲು ಬಿಡಿ. ಒಂದು ಹೆಜ್ಜೆ ಇಟ್ಟ ಕೂಡಲೇ ಹಗ್ಗ ಸಡಿಲಿಸಿ, ಕತ್ತು ಸವರಿ. ಮೊದಲ ದಿನ ಮುಂಗಾಲು ನೆನೆದರೆ ಸಾಕು, ಆ ಗೆಲುವಿನಲ್ಲೇ ಪಾಠ ಮುಗಿಸಿ.

ಪ್ರಶ್ನೆ: ಪುಷ್ಪಗಿರಿಯ ಕಡೆಯ ಗುಡ್ಡದ ದಾರಿಗಳಲ್ಲಿ ಸವಾರಿ ಮಾಡುವ ಆಸೆ. ಏರುವಾಗ, ಇಳಿಯುವಾಗ ಮೈ ಹೇಗಿಡಬೇಕು? ಇಳಿಜಾರಿನಲ್ಲಿ ಅಡ್ಡಡ್ಡ ಇಳಿಯುವುದು ಒಳ್ಳೆಯದೋ, ನೇರ ಇಳಿಯುವುದೋ?
— ಓದುಗರು, ಹಳೇಬೀಡು

ಏರುವಾಗ ಕುದುರೆಯ ಶಕ್ತಿಯೆಲ್ಲ ಹಿಂಗಾಲಿನಲ್ಲಿರುತ್ತದೆ. ಆದ್ದರಿಂದ ನಿಮ್ಮ ಭಾರವನ್ನು ಅದರ ಬೆನ್ನಿನ ಹಿಂಭಾಗದಿಂದ ತೆಗೆಯಿರಿ. ಸೊಂಟದಿಂದ ಮುಂದಕ್ಕೆ ಬಾಗಿ, ಪೃಷ್ಠವನ್ನು ಜೀನಿನಿಂದ ತುಸು ಎತ್ತಿ, ಒಂದು ಕೈಯಲ್ಲಿ ಜೂಲು ಹಿಡಿಯಿರಿ. ಆಧಾರಕ್ಕೆ ಲಗಾಮು ಹಿಡಿದು ನೇತಾಡಿದರೆ ಕಡಿವಾಣ ಬಾಯಿಗೆ ಒತ್ತಿ ಕುದುರೆ ತಲೆ ಎತ್ತುತ್ತದೆ, ಹೆಜ್ಜೆ ತಪ್ಪುತ್ತದೆ. ಕತ್ತನ್ನು ಚಾಚಲು ಬಿಡಿ; ಏರಿನಲ್ಲಿ ಅದು ಸಮತೋಲ ಕಾಯುವುದು ಕತ್ತಿನಿಂದಲೇ.

ಇಳಿಯುವಾಗ ಹಿಂದಕ್ಕೆ ಮಲಗಿದಂತೆ ಕೂರುವ ಅಭ್ಯಾಸ ಬಹಳ ಜನರಿಗಿದೆ. ಅದು ಕುದುರೆಯ ಸೊಂಟದ ಮೇಲೆ ಭಾರ ಹಾಕಿ, ಹಿಂಗಾಲು ಹೊಟ್ಟೆಯ ಕೆಳಗೆ ಬರದಂತೆ ತಡೆಯುತ್ತದೆ. ಬೆಟ್ಟದ ಮೇಲೆ ನಿಂತ ಮರದ ಹಾಗೆ ನೆಟ್ಟಗಿರಿ: ಗುಡ್ಡ ಎಷ್ಟೇ ಓರೆಯಾಗಿರಲಿ, ನಿಮ್ಮ ಮೈ ಆಕಾಶಕ್ಕೆ ನೇರ. ಹಿಮ್ಮಡಿ ಕೆಳಗೆ, ನೋಟ ಮುಂದೆ. ನಡಿಗೆ ಬಿಟ್ಟು ಕುಕ್ಕುಲೋಟ ಬೇಡವೇ ಬೇಡ.

ಅಡ್ಡವೋ ನೇರವೋ ಎಂಬುದನ್ನು ನೆಲ ಹೇಳುತ್ತದೆ. ಗಟ್ಟಿ ಒಣ ನೆಲದಲ್ಲಿ ಅಗಲವಾದ ದಾರಿಯಿದ್ದರೆ ಸುತ್ತು ಹಾಕಿ ಇಳಿಯುವುದು ಸುಖ. ಜಾರುವ ಕೆಂಪು ಮಣ್ಣಿನಲ್ಲಿ, ಉರುಳುವ ನೊರಜುಗಲ್ಲಿನ ಮೇಲೆ ಚಿಕ್ಕ ಇಳಿಜಾರನ್ನು ನೇರವಾಗಿ, ನಿಧಾನವಾಗಿ ಇಳಿಸಿ. ನೇರ ಇಳಿಯುವ ಕುದುರೆ ಜಾರಿದರೆ ಹಿಂಗಾಲು ಮಡಿಸಿ ಕುಳಿತು ಸಾವರಿಸಿಕೊಳ್ಳುತ್ತದೆ. ಅಡ್ಡಕ್ಕೆ ಜಾರಿದರೆ ಪಕ್ಕಕ್ಕೆ ಉರುಳುತ್ತದೆ, ಸವಾರನ ಕಾಲು ಅದರ ಕೆಳಗೆ ಸಿಗುತ್ತದೆ.

ಗುಡ್ಡ ಹತ್ತುವ ಮುನ್ನ ಹೊಟ್ಟೆಪಟ್ಟಿ ಮತ್ತೆ ನೋಡಿ. ಲಾಯದಲ್ಲಿ ಬಿಗಿದ ಪಟ್ಟಿ ಅರ್ಧ ಗಂಟೆ ನಡೆದ ಮೇಲೆ ಸಡಿಲಾಗಿರುತ್ತದೆ. ಏರಿನಲ್ಲಿ ಜೀನು ಹಿಂದಕ್ಕೆ ಸರಿಯದಂತೆ ಎದೆಪಟ್ಟಿ ಇರಲಿ. ಸಮನೆಲದಲ್ಲಿ ಎರಡು ಕುದುರೆಗಳ ನಡುವೆ ಕನಿಷ್ಠ ಒಂದು ಕುದುರೆಯ ಉದ್ದದ ಅಂತರ ಬೇಕು, ಇಳಿಜಾರಿನಲ್ಲಿ ಅದಕ್ಕೂ ಹೆಚ್ಚು. ಮೊದಲು ಇಳಿದವರು ಎಲ್ಲರೂ ಇಳಿಯುವವರೆಗೆ ಕಾಯಬೇಕು. ಜೊತೆಯವು ಮುಂದೆ ಹೋದರೆ ಹಿಂದಿನ ಕುದುರೆ ಗಾಬರಿಯಿಂದ ಓಡಿ ಇಳಿಯುತ್ತದೆ. ಅನುಮಾನ ಬಂದರೆ ಇಳಿದು ನಡೆಯಿರಿ, ಆದರೆ ಕುದುರೆಯ ನೇರ ಕೆಳಗಿನ ಬದಿಯಲ್ಲಿ ನಡೆಯಬೇಡಿ.

ಪ್ರಶ್ನೆ: ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ಕುದುರೆ ಓಡಿಸಬಹುದೇ? ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತದೆ.
— ಓದುಗರು, ಬೇಲೂರು ತಾಲ್ಲೂಕು

ಬಿರುಕುಬಿಟ್ಟ ಹೆಪ್ಪಿನ ಕೆಳಗೆ ಮೊಣಕಾಲುದ್ದದ ಹೂಳು ಹಸಿಯಾಗಿಯೇ ಇರಬಹುದು. ಮನುಷ್ಯ ನಡೆದು ಹೋದ ಜಾಗವೆಂಬ ಭರವಸೆ ಸಾಲದು. ಸವಾರ ಸಮೇತ ಕುದುರೆಯೆಂದರೆ ಐನೂರು ಕಿಲೋ ಹತ್ತಿರದ ಭಾರ ನಾಲ್ಕು ಸಣ್ಣ ಗೊರಸುಗಳ ಮೇಲೆ.

ನಮ್ಮ ನಾಡಿನ ಕುದುರೆ ಸವಾರರಿಗೆ ಸಂಬಂಧಿಸಿದ ಒಂದು ಚರಿತ್ರೆಯೇ ಈ ಪಾಠ ಹೇಳುತ್ತದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳು ಗೆದ್ದವು. ಒಂದು ಕಡೆ ಕಿಶೋನ್ ಹೊಳೆ, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ. ಹೊಳೆಯ ದಂಡೆಯನ್ನು ಪರೀಕ್ಷಿಸಲು ಮುಂದೆ ಹೋದ ಸವಾರರ ಕುದುರೆಗಳು ಹುದುಲಿನಲ್ಲಿ ಹೂತವು. ಗುಂಡಿನ ಸುರಿಮಳೆಯ ನಡುವೆಯೂ ಜೋಧಪುರದ ಪಡೆ ಆ ದಾರಿಗೆ ಹಟ ಹಿಡಿಯದೆ ಎಡಕ್ಕೆ ತಿರುಗಿ ಬೆಟ್ಟದ ತಪ್ಪಲು ಹಿಡಿಯಿತು. ಮೈಸೂರಿನ ತುಕಡಿಯೊಂದು ಕಡಿದಾದ ಹಾದಿಯಲ್ಲಿ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ನಿಂತಾಗ ಅವರ ಶೌರ್ಯದ ಜೊತೆಗೆ ನೆಲದ ಮಾತು ಕೇಳಿದ ಅವರ ಜಾಣ್ಮೆಯನ್ನೂ ನೆನೆಯಬೇಕು. ಯುದ್ಧದಲ್ಲೇ ದಾರಿ ಬದಲಿಸಿದರೆಂದ ಮೇಲೆ ಭಾನುವಾರದ ಸವಾರಿಯಲ್ಲಿ ನಮಗೇಕೆ ಹಟ?

ಕೆರೆಯಂಗಳಕ್ಕೆ ಹೋಗಲೇಬೇಕಾದರೆ ದನಗಳು ದಿನಾ ತಿರುಗುವ ಹಾದಿ ಬಿಟ್ಟು ಸರಿಯಬೇಡಿ. ಹಸಿರು ಜೊಂಡು ಬೆಳೆದ ಕಡೆ, ಮಣ್ಣು ಕಪ್ಪಗೆ ಮಿನುಗುವ ಕಡೆ, ತೂಬಿನ ಆಸುಪಾಸಿನಲ್ಲಿ ಕಾಲಿಡಬೇಡಿ. ಕುದುರೆ ಹೂತರೆ ತಕ್ಷಣ ಇಳಿಯಿರಿ, ಜೀನು ಬಿಚ್ಚಿ. ಕತ್ತಿಗೆ, ಬಾಲಕ್ಕೆ, ಕಾಲಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಯುವುದು ಕುದುರೆಯನ್ನು ಕೊಲ್ಲುವ ದಾರಿ. ತಲೆಯನ್ನು ಕೆಸರಿನಿಂದ ಮೇಲಿಟ್ಟು, ಮಾತಾಡಿಸುತ್ತ ಶಾಂತವಾಗಿರಿಸಿ, 112ಕ್ಕೂ ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೂ ಕರೆ ಮಾಡಿ. ಎಳೆಯುವುದಾದರೆ ಎದೆ, ಹೊಟ್ಟೆ ಸುತ್ತಿದ ಅಗಲವಾದ ಪಟ್ಟಿಗಳಿಂದ, ತಿಳಿದವರ ಕೈಯಲ್ಲಿ.

ನಮ್ಮ ಭಾಗದಲ್ಲಿ ಕೆರೆಗಿಂತಲೂ ನನಗೆ ಭಯ ಹುಟ್ಟಿಸುವುದು ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡಗಳು. ಅವುಗಳೊಳಗೆ ಬಿದ್ದ ಪ್ರಾಣಿಗೆ ಹತ್ತಲು ಹಿಡಿತವೇ ಸಿಗದು. ಎತ್ತಿನಹೊಳೆ ಯೋಜನೆಯದಿರಲಿ, ಹೇಮಾವತಿ, ಯಗಚಿಯದಿರಲಿ, ಸಿಮೆಂಟ್ ಮೈಯ ಕಾಲುವೆಗಳೂ ಹಾಗೆಯೇ. ಇವುಗಳ ದಂಡೆಯ ಮೇಲೆ ಸವಾರಿ ಬೇಡ, ನೀರು ಕುಡಿಸಲೂ ಬೇಡ. ಬಕೆಟ್ ಒಯ್ಯಿರಿ.

ಪ್ರಶ್ನೆ: ಬಿಕ್ಕೋಡಿನ ಹತ್ತಿರ ನಮ್ಮ ಕಾಫಿ ತೋಟ. ಮುಂಜಾನೆ ಮಂಜಿನಲ್ಲಿ ತೋಟದ ದಾರಿಗಳಲ್ಲಿ ಕುದುರೆ ಮೇಲೆ ಸುತ್ತುವುದು ಇಷ್ಟ. ಆನೆ ಎದುರಾದರೆ ಏನು ಮಾಡಬೇಕು?
— ಓದುಗರು, ಬಿಕ್ಕೋಡು

ಆನೆ ಎದುರಾಗದಂತೆ ನೋಡಿಕೊಳ್ಳುವುದೊಂದೇ ನನ್ನ ಉತ್ತರ. ಬೇಲೂರು, ಸಕಲೇಶಪುರ, ಆಲೂರು ಭಾಗದ ತೋಟಗಳಲ್ಲಿ ಕಾಡಾನೆಗಳು ತಂಗುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯ ವಲಯದಲ್ಲಿ, ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯ ವೇಳೆ, ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನನೇ ಕಾಡಾನೆಯ ದಾಳಿಯಲ್ಲಿ ಪ್ರಾಣಬಿಟ್ಟ. ಅಂಥ ಬಲದ ಮುಂದೆ ಕುದುರೆಯ ಓಟವನ್ನು ನಂಬಬೇಡಿ. ಬೇಲಿ, ಗಿಡದ ಸಾಲು, ತಿರುವುಗಳಿರುವ ತೋಟದ ದಾರಿಯಲ್ಲಿ ಅದು ನಾಗಾಲೋಟಕ್ಕೆ ಬಿದ್ದರೆ ನೀವು ಬೀಳುವುದು ಖಚಿತ, ಬೀಳುವುದು ಆನೆಯ ಎದುರು.

ಮಂಜು ಕರಗಿ ಬಿಸಿಲು ಬಂದ ಮೇಲೆ ಹೊರಡಿ, ಸಂಜೆಗೆ ಮುನ್ನವೇ ಲಾಯಕ್ಕೆ ಮರಳಿ. ಅರಣ್ಯ ಇಲಾಖೆ ಕಳಿಸುವ ಆನೆ ಇರುವಿಕೆಯ ಸಂದೇಶಗಳನ್ನು ಹೊರಡುವ ಮುನ್ನ ನೋಡಿ. ಇಲಾಖೆಯ ಸಹಾಯವಾಣಿ 1926. ತೋಟದ ಕೆಲಸದವರನ್ನು ತಪ್ಪದೆ ವಿಚಾರಿಸಿ. ರಾತ್ರಿ ಎಲ್ಲಿ ಸದ್ದಾಯಿತು ಎಂಬುದು ಅವರಿಗೆ ಮೊದಲು ತಿಳಿದಿರುತ್ತದೆ. ದಾರಿಯಲ್ಲಿ ಕುದುರೆ ಥಟ್ಟನೆ ನಿಂತು, ಎರಡೂ ಕಿವಿ ಒಂದೇ ದಿಕ್ಕಿಗೆ ನಿಮಿರಿಸಿ, ಬುಸುಗುಟ್ಟಿದರೆ ಅದನ್ನು ನಂಬಿ. ವಾಸನೆಯೂ ಸದ್ದೂ ನಿಮಗಿಂತ ಮೊದಲು ಅದಕ್ಕೆ ಮುಟ್ಟಿವೆ. ಮುಂದೇನಿದೆ ಎಂದು ನೋಡುವ ಕುತೂಹಲ ಬಿಟ್ಟು, ಸದ್ದಿಲ್ಲದೆ ಬಂದ ದಾರಿಯಲ್ಲೇ ನಡಿಗೆಯಲ್ಲಿ ಹಿಂದಿರುಗಿ.

ಇನ್ನೆರಡು ಅಪಾಯ ತೋಟದಂಚಿನಲ್ಲಿವೆ: ಮುಳ್ಳುತಂತಿ, ಹಂದಿಗೆ ಕಟ್ಟುವ ಉರುಳು. ಲಂಟಾನ ಮುಚ್ಚಿದ ಕಾಲುದಾರಿಗೆ ನುಗ್ಗಬೇಡಿ. ತಂತಿ ಕತ್ತರಿಸುವ ಇಕ್ಕಳವೊಂದು ಜೀನಿನ ಚೀಲದಲ್ಲಿರಲಿ. ಮೀಸಲು ಅರಣ್ಯದೊಳಕ್ಕೆ ಇಲಾಖೆಯ ಅನುಮತಿಯಿಲ್ಲದೆ ಕುದುರೆ ಒಯ್ಯಬೇಡಿ.

ಪ್ರಶ್ನೆ: ಅರಸೀಕೆರೆ ಕಡೆಯ ಕಾವಲು ಭೂಮಿಯ ಬಯಲು ನೋಡಿದರೆ ಓಡಿಸಬೇಕೆನ್ನಿಸುತ್ತದೆ. ಈ ಬಿಸಿಲಿನಲ್ಲಿ ಎಷ್ಟು ದೂರ ಹೋಗಬಹುದು? ದಣಿದ ಕುದುರೆಗೆ ನೀರು ಕುಡಿಸಬಾರದೆಂಬುದು ನಿಜವೇ?
— ಓದುಗರು, ಅರಸೀಕೆರೆ

ಅಮೃತಮಹಲ್ ಕಾವಲುಗಳು ಆ ತಳಿಯ ದನಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲು. ಪಶುಪಾಲನಾ ಇಲಾಖೆಯ ಒಪ್ಪಿಗೆ ಇಲ್ಲದೆ ಕುದುರೆ ಇಳಿಸಬೇಡಿ. ಒಪ್ಪಿಗೆ ಸಿಕ್ಕರೂ ಹುಲ್ಲಿನ ಕೆಳಗೆ ಬಿಲ, ಹುತ್ತ, ಹಳೆಯ ಕಂದಕ ಇರುತ್ತವೆ. ಒಮ್ಮೆ ನಡಿಗೆಯಲ್ಲಿ ಹೋಗಿ ನೋಡಿ ಬಂದ ಹಾದಿಯಲ್ಲಿ ಮಾತ್ರ ಓಡಿಸಿ.

ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದಕ್ಕಿಂತ ಕುದುರೆಯ ಮೈಯಲ್ಲಿ ಓದುವುದು ಸರಿ. ವಿಶ್ರಾಂತಿಯಲ್ಲಿ ಅದರ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಕೆಳದವಡೆಯ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಮನೆಯಲ್ಲೇ ಅಭ್ಯಾಸ ಮಾಡಿ. ದೂರದ ಓಟದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ನಾಡಿ ನಿಗದಿತ ನಿಮಿಷಗಳೊಳಗೆ 64ಕ್ಕೆ ಇಳಿಯದ ಕುದುರೆಯನ್ನು ಮುಂದೆ ಬಿಡುವುದಿಲ್ಲ. ನೀವೂ ಅದನ್ನೇ ಪಾಲಿಸಿ: ನೆರಳಿನಲ್ಲಿ ಕಾಲು ಗಂಟೆ ನಿಂತ ಮೇಲೂ ನಾಡಿ 64ಕ್ಕೆ ಇಳಿಯದಿದ್ದರೆ ಆ ದಿನದ ಸವಾರಿ ಮುಗಿಯಿತು.

ನೀರಿನ ಬಗ್ಗೆ ನೀವು ಕೇಳಿದ್ದು ಹಳೆಯ ನಂಬಿಕೆ. ಬೆವರಿದ ಕುದುರೆಗೆ ನೀರು ಕೊಡಿ, ಬೇಡವೆನ್ನುವವರೆಗೆ ಕುಡಿಯಲಿ. ಸುಮ್ಮನೆ ನಿಂತ ದಿನವೂ ಅದಕ್ಕೆ 25–45 ಲೀಟರ್ ಬೇಕು, ಬಿಸಿಲಿನ ದುಡಿಮೆಯಲ್ಲಿ ಇನ್ನೂ ಹೆಚ್ಚು. ಮೈಮೇಲೂ ಧಾರಾಳವಾಗಿ ನೀರು ಸುರಿಯಿರಿ. ಬೆವರಿನಲ್ಲಿ ಹೋದ ಉಪ್ಪನ್ನು ಮೇವಿನೊಡನೆ ಕೊಡಿ.

ಭಾರದ ಲೆಕ್ಕವೂ ಇರಲಿ. ಸವಾರ, ಜೀನು, ಚೀಲ ಎಲ್ಲ ಸೇರಿ ಕುದುರೆಯ ತೂಕದ ಶೇಕಡಾ 20 ಮೀರಬಾರದು. 400 ಕಿಲೋ ಕುದುರೆಗೆ ಅದು 80 ಕಿಲೋ. ಗುಡ್ಡದ ದಾರಿಗೆ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು.

ಶಕ್ತಿ ಬರಲೆಂದು ಹೊರಡುವ ಮುನ್ನ ಮುಸುಕಿನ ಜೋಳ ಸುರಿಯಬೇಡಿ. ಕುದುರೆ ವಾಂತಿ ಮಾಡಲಾರದು. ಕಾಳು ಹೆಚ್ಚಾದರೆ ಹೊಟ್ಟೆನೋವು, ಗೊರಸಿನ ಉರಿಯೂತ ಎರಡೂ ಬರುತ್ತವೆ. ಅದರ ಊಟದ ಬುನಾದಿ ಹುಲ್ಲು. ದಾರಿಯಲ್ಲಿ ನಿಂತಾಗ ಬೇಲಿಯ ಕಣಗಿಲೆ, ಹರಳು, ಲಂಟಾನಕ್ಕೆ, ಹೊಲದ ಆಲೂಗಡ್ಡೆ ಗಿಡಕ್ಕೆ ಬಾಯಿ ಹಾಕಲು ಬಿಡಬೇಡಿ. ಎಲ್ಲವೂ ವಿಷ, ಕಣಗಿಲೆಯಂತೂ ಹಿಡಿ ಎಲೆಯಲ್ಲೇ ಪ್ರಾಣ ತೆಗೆಯಬಲ್ಲದು.

ಪ್ರಶ್ನೆ: ಎತ್ತಿಗೆ ಲಾಳ ಕಟ್ಟುವವರ ಕೈಯಲ್ಲೇ ಕುದುರೆಗೂ ಕಟ್ಟಿಸಬಹುದೇ? ಕಲ್ಲಿನ ದಾರಿಗೆ ಲಾಳ ಬೇಕೇಬೇಕೇ?
— ಓದುಗರು, ಜಾವಗಲ್

ಎತ್ತಿನ ಗೊರಸು ಸೀಳು. ಅದಕ್ಕೆ ಒಂದೊಂದು ಕಾಲಿಗೆ ಎರಡು ತಗಡು. ಕುದುರೆಯದು ಒಂದೇ ಗೊರಸು, ಅದರ ನಡುವೆ ಮೆತ್ತನೆಯ ಭಾಗವಿದೆ. ನಡೆವಾಗ ಗೊರಸು ತುಸು ಹಿಗ್ಗಿ ಕುಗ್ಗುತ್ತದೆ. ಮೊಳೆ ಕೂದಲೆಳೆ ಒಳಕ್ಕೆ ಸರಿದರೂ ಕುಂಟು. ಎತ್ತಿನ ಲಾಳದಲ್ಲಿ ನುರಿತವರ ಕೈಚಳಕ ದೊಡ್ಡದು, ಆದರೆ ಇದು ಬೇರೆ ಕೆಲಸ. ಕುದುರೆಯಲ್ಲಿ ಪಳಗಿದ ನಾಲಬಂದರನ್ನೇ ಹುಡುಕಿ. ಬೆಂಗಳೂರು, ಮೈಸೂರಿನ ಸವಾರಿ ಶಾಲೆಗಳಲ್ಲಿ ವಿಚಾರಿಸಿದರೆ ಸಿಗುತ್ತಾರೆ. ನಾಲ್ಕಾರು ಮನೆಯವರು ಸೇರಿ ಕರೆಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ.

ಮೆತ್ತನೆ ಮಣ್ಣಿನಲ್ಲೇ ತಿರುಗುವ, ಗಟ್ಟಿ ಗೊರಸಿನ ಕುದುರೆಗೆ ಲಾಳ ಇಲ್ಲದೆಯೂ ಸಾಗುತ್ತದೆ. ನೊರಜುಗಲ್ಲು, ಡಾಂಬರು ಹೆಚ್ಚಿದ್ದರೆ ಲಾಳ ಬೇಕು. ಆದರೆ ಡಾಂಬರಿನ ಮೇಲೆ ಕಬ್ಬಿಣ ಜಾರುತ್ತದೆಂದು ತಿಳಿದು ನಡಿಗೆಯಲ್ಲೇ ದಾಟಿ. ಎರಡರಲ್ಲೂ 6–8 ವಾರಕ್ಕೊಮ್ಮೆ ಗೊರಸು ಹೆರೆಸಬೇಕು. ಪ್ರತಿ ಸವಾರಿಯ ಮುಂಚೆ, ಆಮೇಲೆ ಗೊರಸು ಕೆದಕಿ ನೋಡಿ. ಮೊಳೆ ಚುಚ್ಚಿದ್ದರೆ, ಅದು ಇನ್ನೂ ಒಳಹೋಗುವ ಅಪಾಯವಿಲ್ಲದಿದ್ದರೆ, ವೈದ್ಯರು ನೋಡುವವರೆಗೆ ಕೀಳಬೇಡಿ. ಎಷ್ಟು ಆಳ, ಯಾವ ದಿಕ್ಕು ಎಂದು ಅವರಿಗೆ ತಿಳಿಯಬೇಕು. ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯ ನಿಮಗೆ ದೂರವಲ್ಲ. ಧನುರ್ವಾಯು ಲಸಿಕೆ ಕುದುರೆಗೂ ಸವಾರನಿಗೂ ಆಗಿರಲಿ.

ಪ್ರಶ್ನೆ: ಹೊಯ್ಸಳೇಶ್ವರ ದೇಗುಲದ ಕುದುರೆ ಸಾಲನ್ನು ಪ್ರವಾಸಿಗರಿಗೆ ತೋರಿಸುತ್ತೇನೆ. ಆಗಲೇ ಅಷ್ಟು ಕುದುರೆಗಳಿದ್ದವೆಂದರೆ ನಮ್ಮ ಹವೆ ಅವಕ್ಕೆ ಒಗ್ಗುತ್ತಿತ್ತು ಎಂದಲ್ಲವೇ?
— ಓದುಗರು, ಹಳೇಬೀಡು

ಶಿಲ್ಪಿಗಳು ಸವಾರರನ್ನೂ ಕುದುರೆಗಳ ಸಜ್ಜನ್ನೂ ಅಷ್ಟು ಬಿಡಿಸಿ ಕೆತ್ತಿದ್ದಾರೆಂದರೆ ಅವು ಅವರ ಕಣ್ಣೆದುರೇ ಓಡಾಡುತ್ತಿದ್ದವು. ಆದರೆ ಒಳ್ಳೆಯ ಯುದ್ಧಕುದುರೆಗಳು ದಕ್ಷಿಣಕ್ಕೆ ಅರೇಬಿಯಾ, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದವು, ಬಹಳ ಬೆಲೆಗೆ. 13ನೇ ಶತಮಾನದ ಕೊನೆಯಲ್ಲಿ ದಕ್ಷಿಣ ಕರಾವಳಿಗೆ ಬಂದ ಮಾರ್ಕೊ ಪೋಲೊ, ತಮಿಳು ನಾಡಿನ ಅರಸರು ವರ್ಷವರ್ಷವೂ ಕುದುರೆ ಕೊಳ್ಳುತ್ತಿದ್ದರೂ ಆರೈಕೆ ತಿಳಿಯದೆ ಹೆಚ್ಚಿನವು ಸಾಯುತ್ತಿದ್ದವೆಂದು ಬರೆದಿದ್ದಾನೆ. 1311ರಲ್ಲಿ ದ್ವಾರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ, ದಂಡೆತ್ತಿ ಬಂದ ದಿಲ್ಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್ ಹೊತ್ತೊಯ್ದ ಸಂಪತ್ತಿನಲ್ಲಿ ಆನೆ ಕುದುರೆಗಳೂ ಇದ್ದವು.

ಹವೆ ಒಗ್ಗುತ್ತದೆ, ಆರೈಕೆ ಸರಿಯಿದ್ದರೆ. ಮಳೆಗಾಲದ ಕೆಸರಿನಲ್ಲಿ ಗೊರಸು ಕೊಳೆಯದಂತೆ ಒಣ ನೆಲದ ಲಾಯ ಬೇಕು. ಮಳೆ ಮುಗಿದ ತಿಂಗಳುಗಳಲ್ಲಿ ಕಚ್ಚುವ ದೊಡ್ಡ ನೊಣಗಳಿಂದ ಸರ್ರಾ ರೋಗ ಹರಡುತ್ತದೆ: ಬಿಟ್ಟು ಬಿಟ್ಟು ಜ್ವರ, ಸೊರಗುವಿಕೆ, ಕಾಲು ಹೊಟ್ಟೆಯ ಬಾವು. ಅನುಮಾನ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಹೊಯ್ಸಳೇಶ್ವರ ದೇಗುಲ 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿಗೆ ಸವಾರಿ ಹೋದರೆ ಕುದುರೆಯನ್ನು ಜನಸಂದಣಿಯಿಂದ ದೂರವೇ ಕಟ್ಟಿ.

ಪ್ರಶ್ನೆ: ಹನ್ನೆರಡು ವರ್ಷದ ಮಗಳು ಸವಾರಿ ಕಲಿಯುತ್ತಿದ್ದಾಳೆ. ಈಗ ಮೈದಾನ ಬಿಟ್ಟು ಹಾದಿಗೆ ಹೋಗಬೇಕೆಂದು ಹಟ. ಕಳಿಸಲು ನನಗೆ ಭಯ. ಏನು ನೋಡಿಕೊಳ್ಳಬೇಕು?
— ತಾಯಿ, ಹಾಸನ

ನಿಮ್ಮ ಭಯ ಸರಿಯಾದದ್ದೇ, ಅವಳ ಆಸೆಯೂ ಒಳ್ಳೆಯದೇ ಅಮ್ಮ. ಮೈದಾನದಲ್ಲಿ ಅವಳು ಮೂರು ಕೆಲಸ ತಡವರಿಸದೆ ಮಾಡಲಿ: ಯಾವ ವೇಗದಲ್ಲಿದ್ದರೂ ಕುದುರೆಯನ್ನು ನಿಲ್ಲಿಸುವುದು, ಒಂದೇ ಲಗಾಮಿನಿಂದ ಅದನ್ನು ಸಣ್ಣ ಸುತ್ತಿಗೆ ತಿರುಗಿಸುವುದು, ಯಾರ ನೆರವೂ ಇಲ್ಲದೆ ಇಳಿದು ಹತ್ತುವುದು. ಆಮೇಲೆ ಹಾದಿ.

ಸವಾರಿಗೆಂದೇ ಮಾಡಿದ ಹೆಲ್ಮೆಟ್, ಗದ್ದದ ಪಟ್ಟಿ ಬಿಗಿದು, ಪ್ರತಿ ಸಲವೂ. ಕಾಲಿಗೆ ಸಣ್ಣ ಹಿಮ್ಮಡಿಯ ಶೂ. ಚಪ್ಪಲಿ, ಕ್ಯಾನ್ವಾಸ್ ಶೂ ರಿಕಾಪಿನೊಳಗೆ ಜಾರಿ ಸಿಕ್ಕಿಕೊಂಡರೆ ಬಿದ್ದವರನ್ನು ಕುದುರೆ ಎಳೆದೊಯ್ಯುತ್ತದೆ. ಹಗ್ಗವನ್ನಾಗಲಿ ಲಗಾಮನ್ನಾಗಲಿ ಕೈಗೆ ಸುತ್ತಿಕೊಳ್ಳಬಾರದು. ದುಪಟ್ಟಾ ಬೇಡ. ಮೊಬೈಲು ಜೀನಿನ ಚೀಲದಲ್ಲಲ್ಲ, ಅವಳ ಮೈಮೇಲೆ ಜೇಬಿನಲ್ಲಿರಲಿ. ಅವಳು ಬಿದ್ದು ಕುದುರೆ ಓಡಿದರೆ ಫೋನು ಅವಳ ಬಳಿ ಇರಬೇಕು. ಮೊದಲ ಹಾದಿಗಳಿಗೆ ವಯಸ್ಸಾದ, ಸಮಾಧಾನದ ಕುದುರೆ ಕೊಡಿಸಿ. ಮುಂದೊಬ್ಬರು, ಹಿಂದೊಬ್ಬರು ಪಳಗಿದ ಸವಾರರು, ನಡುವೆ ಅವಳು. ಬಸ್ಸು, ಲಾರಿ ಓಡುವ ಬೇಲೂರು ರಸ್ತೆಯ ಅಂಚಿನಲ್ಲಿ ಹೋಗುವುದು ಬೇಡ. ದಾಟಬೇಕಾದರೆ ಎಲ್ಲರೂ ಒಟ್ಟಾಗಿ ನಿಂತು ಒಮ್ಮೆಲೇ ದಾಟಲಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಬರೆದಿಟ್ಟು ಹೊರಡಲಿ.

ಇವೆಲ್ಲಕ್ಕಿಂತ ಮೊದಲು ಒಂದು ಮಾತನ್ನು ಅವಳಿಗೆ ಹೇಳಿಕೊಡಿ. ಕುದುರೆ ನಿಂತರೆ ಅವಳೂ ನಿಲ್ಲಲಿ, ಲಗಾಮು ಸಡಿಲಿಸಲಿ, ಅದು ಏನು ನೋಡುತ್ತಿದೆಯೋ ತಾನೂ ನೋಡಲಿ. ಆಮೇಲೂ ನೆಲದ ಮೇಲೆ ನಂಬಿಕೆ ಬರದಿದ್ದರೆ ಇಳಿಯಲಿ ಅಥವಾ ಹಿಂದಿರುಗಲಿ. ಅರ್ಧ ದಾರಿಯಿಂದ ಅವಳು ಮರಳಿ ಬಂದ ದಿನ ಯಾಕೆ ಹೆದರಿದೆ ಎಂದು ಮನೆಯಲ್ಲಿ ಯಾರೂ ಕೇಳಬಾರದು. ಅಂದು ಏನು ಕಂಡೆ ಎಂದು ಕೇಳಿ, ಅವಳ ತೀರ್ಮಾನವನ್ನು ಎಲ್ಲರೆದುರು ಮೆಚ್ಚಿ. ಆ ಮೆಚ್ಚುಗೆ ಸಿಕ್ಕ ಮಗು ಮುಂದೆ ತನ್ನನ್ನೂ ಕಾಯ್ದುಕೊಳ್ಳುತ್ತದೆ, ಕುದುರೆಯನ್ನೂ.